ತಲೆನೋವು ಎಂದಳು ಚಿಕ್ಕಮ್ಮ

ಬೆಂಗಳೂರಿನ ಡಾಕ್ಟರು ಕಂಪ್ಯೂಟರಿನಲ್ಲೇ ನೋಡ್ತಾರಂತೆ ಎಂಬ ಸುದ್ದಿ ಮುಳಬಾಗಿಲಿಗೆ ಬಂದಾಗ ಮೊದಲು ಖುಷಿಪಟ್ಟವಳು ನಾನೇ. ಎರಡು ಸಾವಿರದ ಇಸವಿಯಿಂದ ಈಚಿನ ವರ್ಷಗಳು ಅವು. ಬೈರಕೂರಿನ ಕಡೆ ರೇಷ್ಮೆಹುಳು ಸಾಕುತ್ತಿದ್ದ ನನ್ನ ಚಿಕ್ಕಮ್ಮನಿಗೆ, ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ರಕ್ತ ಹೋಗಲು ಶುರುವಾಗಿತ್ತು. ಚಿಕ್ಕಪ್ಪನಿಗೂ ಹೇಳಿರಲಿಲ್ಲ. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ, ಸಿಗ್ಗಾಗುತ್ತೆ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಕಂಪ್ಯೂಟರಿಗೆ ಜೋಡಿಸಿದ ಟೀವಿಯಲ್ಲಿ ಬರೋದು ಹೆಂಗಸು ಡಾಕ್ಟರು, ಅವರ ಹತ್ರ ಮಾತ್ರ ಹೇಳಿದರೆ ಸಾಕು ಎಂದು ನಾನೇ ಪುಸಲಾಯಿಸಿ ಕರೆತಂದೆ.

ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದ ಕೋಣೆ ಅದು. ಒಳಗೆ ಹೋದರೆ ಇದನ್ನೆಲ್ಲ ನೋಡಲೆಂದು ಬೆಂಗಳೂರಿನಿಂದ ಬಂದ ಟ್ರಸ್ಟಿನ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಒಬ್ಬ ಫೋಟೋ ತೆಗೀತಿದ್ದಾನೆ. ಕಿಟಕಿಯಲ್ಲಿ ಊರಿನವರ ಮುಖಗಳು. ಚಿಕ್ಕಮ್ಮನನ್ನು ನಡುವೆ ಕೂರಿಸಿ ಕೈಗೆ ಮೈಕ್ ಕೊಟ್ಟರು. ಟೀವಿಯಲ್ಲಿದ್ದ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅಲ್ಲಿಯ ಆಪರೇಟರು ಜೋರಾಗಿ ಕನ್ನಡದಲ್ಲಿ ಕೂಗಿದ: "ಏನಮ್ಮ ತೊಂದ್ರೆ? ಎಲ್ರಿಗೂ ಕೇಳೋ ಹಾಗೆ ಹೇಳಿ."

ಚಿಕ್ಕಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ತಲೆನೋವು" ಎಂದಳು.

ಮಾತ್ರೆಯ ಹೆಸರು ಬರೆದುಕೊಳ್ಳಲು ಆಪರೇಟರು ಪೆನ್ನು ತೆಗೆದ. ನನ್ನ ಮೈಯೆಲ್ಲ ಉರಿದುಹೋಯಿತು.

"ಇವರನ್ನೆಲ್ಲ ಆಚೆ ಕಳಿಸ್ರೀ" ಎಂದೆ.

ಕುರ್ಚಿಯಲ್ಲಿದ್ದವರೊಬ್ಬರು ನಕ್ಕರು. "ಫ್ರೀಯಾಗಿ ನೋಡ್ತಿದ್ದೀವಲ್ಲಮ್ಮ. ಹಳ್ಳಿಯವರಿಗೆ ಇದೆಲ್ಲ ಏನೂ ಅನ್ಸಲ್ಲ."

"ನಿಮ್ಮನೆ ಹೆಂಗಸರನ್ನ ಹೀಗೆ ಕೂರಿಸಿ ಕೇಳ್ತೀರಾ? ಕಾಸು ಕೊಡದೇ ಇದ್ರೆ ಮಾನಾನೂ ಇರಲ್ವಾ?" ಎಂದೆ.

ಗಲಾಟೆ ಡಾಕ್ಟರಿಗೂ ಕೇಳಿಸಿತು. ಅವರಿಗೆ ಕಾಣಿಸುತ್ತಿದ್ದದ್ದು ಚಿಕ್ಕಮ್ಮನ ಮುಖವೊಂದೇ. ಆಕೆ ಹರಕುಮುರುಕು ಕನ್ನಡದಲ್ಲಿ ಕೇಳಿದರು: "ಅಲ್ಲಿ ಬೇರೆ ಜನ ಇದ್ದಾರಾ?" ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಆಕೆಯ ಮುಖ ಕೆಂಪಾಯಿತು. ಎಲ್ಲರೂ ಹೊರಗೆ ಹೋಗದಿದ್ದರೆ ತಾನು ಯಾರನ್ನೂ ನೋಡುವುದಿಲ್ಲ ಎಂದುಬಿಟ್ಟರು. ಗಂಡಸರು ಗೊಣಗುತ್ತಾ ಎದ್ದರು. ಆಪರೇಟರನ್ನೂ ಕಳಿಸಿ ಬಾಗಿಲು ಹಾಕಿದೆ, ಕಿಟಕಿ ಮುಚ್ಚಿದೆ.

ಆಮೇಲೆ ಚಿಕ್ಕಮ್ಮ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು, ಅತ್ತಳು. ಡಾಕ್ಟರಿಗೆ ಅರ್ಥವಾಗದ್ದನ್ನು ನಾನು ಬಿಡಿಸಿ ಹೇಳಿದೆ. ತಡಮಾಡದೆ ಕೋಲಾರದ ಆಸ್ಪತ್ರೆಗೆ ಹೋಗಿ ಎಂದರು ಡಾಕ್ಟರು. ಹೋದೆವು. ಗರ್ಭಕೋಶದಲ್ಲಿ ಗೆಡ್ಡೆಯಿತ್ತು, ಆಪರೇಷನ್ ಆಯಿತು. ಚಿಕ್ಕಮ್ಮ ಉಳಿದಳು, ಮತ್ತೆ ಹುಳುಗಳಿಗೆ ಸೊಪ್ಪು ಹಾಕುವಷ್ಟು ಗಟ್ಟಿಯಾದಳು.

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಟ್ರಸ್ಟಿನವರ ಹತ್ತಿರ ಹೋಗಿ ಜಗಳವಾಡಿದೆ, ಮತ್ತೆ ಮತ್ತೆ ಹೋದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಒಂದು ಪರದೆ ಕಟ್ಟಿಸಿದರು. ಮುಂದೆ ನೋಡಲು ಬಂದ ದೊಡ್ಡ ಮನುಷ್ಯರಿಗೆಲ್ಲ ಅದನ್ನು ತೋರಿಸಿ, "ನಮ್ಮಲ್ಲಿ ಹೆಣ್ಣುಮಕ್ಕಳ ಮರ್ಯಾದೆಗೆ ಮೊದಲ ಸ್ಥಾನ" ಎನ್ನುತ್ತಿದ್ದರಂತೆ.