ಬೆಲ್ಸ್ ಬೀಚಿಗೆ ಐದು ಕಾರು

ಆಗಿನ್ನೂ ಎಲ್ಲರ ಜೇಬಿನಲ್ಲೂ ದಾರಿ ತೋರಿಸುವ ಫೋನ್ ಇರಲಿಲ್ಲ. ಮೆಲ್ಬರ್ನಿನ ಕನ್ನಡದ ಮನೆಗಳಲ್ಲಿ ದಾರಿಗೆ ಕಾರಿನ ಸೀಟಿನಡಿ ದಪ್ಪನೆಯ ಮ್ಯಾಪ್ ಪುಸ್ತಕ, ಹೊತ್ತುಗೊತ್ತಿಗೆ ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್. ಎರಡು ಸಾವಿರದ ದಶಕದ ನಡುವಿನ ಮಾತು, ನನಗೆ ಹತ್ತು ವರ್ಷ. ಆ ಕ್ಯಾಲೆಂಡರ್ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಾಕ್ಸ್ ಹಿಲ್‌ನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅಪ್ಪನ ತಮ್ಮ ರಘು ಚಿಕ್ಕಪ್ಪ ಮಲಗುತ್ತಿದ್ದ. ಮೈಸೂರಿನಿಂದ ಓದಲು ಬಂದವನು ಓದು ಮುಗಿಸಿ ಆಫೀಸಿನ ಕೆಲಸ ಹುಡುಕುತ್ತಿದ್ದ. ಅಲ್ಲಿಯವರೆಗೆ ಒಂದು ಕಡೆ ಕಾರು ತೊಳೆಯುತ್ತಿದ್ದ. ಅಲ್ಲಿನ ಜೊತೆಗಾರನಿಂದ ಅವನಿಗೆ ಸರ್ಫಿಂಗ್ ಹುಚ್ಚು ಅಂಟಿತ್ತು. ಈಜು ಬರುತ್ತಿರಲಿಲ್ಲ, ನೋಡುವ ಹುಚ್ಚಷ್ಟೇ. ಅಮ್ಮನ ಇಸ್ತ್ರಿ ಬೋರ್ಡಿನ ಕಾಲು ಮಡಚಿ, ದಿಂಬುಗಳ ಮೇಲಿಟ್ಟು ನನ್ನನ್ನು ಹತ್ತಿಸುತ್ತಿದ್ದ. ನೀಲಿ ಬೆಡ್‌ಶೀಟ್ ಬೀಸುತ್ತಾ “ಬಂತು ಬಂತು, ಮಂಡಿ ಬಗ್ಗಿಸೇ ಪುಟ್ಟಿ!” ಎಂದು ಕೂಗುತ್ತಿದ್ದ. ಬೋರ್ಡಿನ ಬಟ್ಟೆಗೆ ಸೀದ ವಾಸನೆ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಈಸ್ಟರ್ ರಜೆಯಲ್ಲಿ, ನಮ್ಮ ಮನೆಯಿಂದ ಎರಡು ಗಂಟೆ ದಾರಿಯ ಬೆಲ್ಸ್ ಬೀಚಿನಲ್ಲಿ ದೊಡ್ಡ ಸರ್ಫಿಂಗ್ ಸ್ಪರ್ಧೆ. ಅದಾದ ಮುಂದಿನ ವಾರವೇ ನಾವು ಸಿಡ್ನಿಗೆ ಗಂಟುಮೂಟೆ ಕಟ್ಟುವವರಿದ್ದೆವು. ಅಪ್ಪನಿಗೆ ಅಲ್ಲಿನ ಪ್ಯಾರಮಟ್ಟಾದಲ್ಲಿ ಕೆಲಸ ಸಿಕ್ಕಿತ್ತು. ಚಿಕ್ಕಪ್ಪ ಇಲ್ಲೇ ಉಳಿಯುವವನು. “ಹೋಗೋದ್ರೊಳಗೆ ನಿಂಗೊಂದು ದೊಡ್ಡ ಅಲೆ ತೋರಿಸ್ತೀನಿ, ನನ್ನಾಣೆ” ಎಂದಿದ್ದ. ಶನಿವಾರ ಅಲೆ ಜೋರು, ಆದರೆ ಬೆಳಗ್ಗೆ ಮಾತ್ರ, ಮಧ್ಯಾಹ್ನ ಗಾಳಿ ತಿರುಗುತ್ತದೆ ಎಂದು ಪತ್ರಿಕೆಯಲ್ಲಿ ಓದಿ ಹೇಳಿದ. ಆರಕ್ಕೆ ಮನೆ ಬಿಡಬೇಕು.

ಅಪ್ಪ ಅದನ್ನು ತಮ್ಮ ಗೆಳೆಯ ಶ್ರೀಧರ ಅಂಕಲ್ ಹತ್ತಿರ ಹೇಳಿದರು. ಅಲ್ಲಿಗೆ ಮುಗಿಯಿತು ಅನ್ನಿ. ಶ್ರೀಧರ ಅಂಕಲ್ ಡಾಕ್‌ಲ್ಯಾಂಡ್ಸ್‌ನಲ್ಲಿ ಮ್ಯಾನೇಜರ್. ಚಿಕ್ಕಪ್ಪನ ಕೆಲಸಕ್ಕೆ ತಮ್ಮ ಆಫೀಸಿನಲ್ಲಿ ಒಂದು ಮಾತು ಹೇಳುತ್ತೇನೆ ಎಂದು ಆರು ತಿಂಗಳಿಂದ ಆಡಿಸುತ್ತಿದ್ದರು. “ನೀವೊಬ್ರೇ ಯಾಕ್ರೀ? ಎಲ್ಲಾ ಒಟ್ಟಿಗೆ ಹೋಗೋಣ” ಎಂದರು. ಗುರುತಿನ ಕನ್ನಡದ ಮನೆಗಳೆಲ್ಲ ಸೇರಿ ಒಂದು ಕಾರು ಐದಾಯಿತು, ಆರು ಗಂಟೆ ಎಂಟೂವರೆಯಾಯಿತು.

ಶ್ರೀಧರ ಅಂಕಲ್ ಬಂದದ್ದು ಒಂಬತ್ತಕ್ಕೆ. ಇಳಿದವರೇ ಸೀದಾ ಅಡುಗೆಮನೆಗೆ ಬಂದು ಕ್ಯಾಲೆಂಡರ್ ನೋಡಿದರು. “ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಕಣ್ರೀ. ಕಳೀಲಿ, ಹೊರಡೋಣ.”

“ಅಂಕಲ್, ಅದು ಬೆಂಗಳೂರು ಟೈಮ್. ಅಲ್ಲಿನ್ನೂ ಸೂರ್ಯನೇ ಹುಟ್ಟಿಲ್ಲ” ಎಂದೆ.

“ನೋಡಿದ್ರಾ, ಎಷ್ಟು ಮಾತು!” ಎಂದು ನಕ್ಕು ಅಮ್ಮನಿಗೆ ಕಾಫಿ ಹೇಳಿದರು. ಹದಿನೆಂಟು ಜನ ನಮ್ಮ ಮನೆಯಲ್ಲಿ ಕೂತು, ಇನ್ನೊಂದು ಗೋಳಾರ್ಧದ ರಾಹುವಿಗಾಗಿ ಒಂದೂವರೆ ಗಂಟೆ ಕಾಫಿ ಕುಡಿದರು. ಕಾರುಗಳಲ್ಲಿ ಪುಳಿಯೋಗರೆಯ ಡಬ್ಬಗಳು ಘಮಗುಡುತ್ತಿದ್ದವು. ಚಿಕ್ಕಪ್ಪ ಶೂ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದ.

ನಡುವೆ ಸಿಗುವ ಜೀಲಾಂಗ್ ಊರಿನಲ್ಲಿ ಐದನೆಯ ಕಾರು ದಾರಿ ತಪ್ಪಿತು. ಅದಕ್ಕೂ ಕಾದೆವು. ಬೆಲ್ಸ್ ತಲುಪಿದಾಗ ಎರಡು ಗಂಟೆ. ಜನ ಒದ್ದೆ ತಲೆಯಲ್ಲಿ, ಬೋರ್ಡು ಬಗಲಲ್ಲಿಟ್ಟುಕೊಂಡು ಕಾರುಗಳ ಕಡೆ ವಾಪಸ್ ಬರುತ್ತಿದ್ದರು. ಗಾಳಿ ತಿರುಗಿ ಆ ದಿನದ ಸ್ಪರ್ಧೆ ನಿಲ್ಲಿಸಿದ್ದರು. ಮುದುಕನೊಬ್ಬ ಚಿಕ್ಕಪ್ಪನಿಗೆ, ಬೆಳಗ್ಗೆ ಅಲೆಗಳು ಮನೆಯೆತ್ತರ ಎದ್ದಿದ್ದವು, ಇಂಥದ್ದು ನೋಡಿ ವರ್ಷಗಳೇ ಆಗಿದ್ದವು ಎಂದು ಹೇಳಿ ಹೋದ. ನಾವು ದಿಬ್ಬದ ಬೇಲಿಗೆ ಒರಗಿ ನೋಡಿದರೆ ಕೆಳಗೆ ಬೂದುಬಣ್ಣದ ನೀರು ಸುಮ್ಮನೆ ಕಲಕುತ್ತಿತ್ತು.

“ಇದೇನಾ ರಘು ನಿಮ್ಮ ದೊಡ್ಡ ಅಲೆ? ನಮ್ಮ ಮರವಂತೆ ಎಷ್ಟೋ ವಾಸಿ” ಎಂದರು ಶ್ರೀಧರ ಅಂಕಲ್. ಹೋ ಎಂದು ಎಲ್ಲರೂ ನಕ್ಕರು. ಜಮಖಾನ ಹಾಸಿ, ಗಾಳಿ ಮುಖಕ್ಕೆ ಹೊಡೆಯುತ್ತದೆಂದು ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ಥೂ, ಬೆನ್ನು! ಮಾತೆಲ್ಲ ಪಿಆರ್ ಎಂಬ ಕಾಯಂ ವೀಸಾ, ಮಾರ್ಟ್‌ಗೇಜ್, ಯಾವ ಸಬರ್ಬ್‌ನಲ್ಲಿ ರೆಂಟ್ ಎಷ್ಟು, ಮತ್ತೆ ಪಿಆರ್. ಶ್ರೀಧರ ಅಂಕಲ್ ಹಲ್ಲಿನ ಸಂದಿಯ ಕಡಲೆಬೀಜ ಕೀಳುತ್ತಾ ತೇಗಿದರು. ಅಷ್ಟು ಅಸಹ್ಯ ನನಗೆ ಅದುವರೆಗೆ ಯಾರನ್ನು ಕಂಡೂ ಆಗಿರಲಿಲ್ಲ.

“ಎಲ್ಲಾ ನಿಮ್ಮಿಂದಾನೇ ಹಾಳಾಯ್ತು!” ಎಂದು ಕಿರುಚಿದೆ. “ಯು ಆರ್ ಡಿಸ್ಗಸ್ಟಿಂಗ್!”

ಅಪ್ಪ ನನ್ನ ರಟ್ಟೆ ಹಿಡಿದು “ಅಂಕಲ್‌ಗೆ ಸಾರಿ ಹೇಳು” ಎಂದರು. ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನೊಬ್ಬನಾದರೂ ನನ್ನ ಕಡೆ ಇರುತ್ತಾನಲ್ಲ! ಅವನು ಶ್ರೀಧರ ಅಂಕಲ್ ತಟ್ಟೆಗೆ ಮೊಸರನ್ನ ಬಡಿಸುತ್ತಿದ್ದ. ತಲೆ ಎತ್ತದೆ ಹೇಳಿದ:

“ಸಾರಿ ಹೇಳ್ಬಿಡು ಪುಟ್ಟಿ. ಅವ್ರು ಹೇಳಿದ್ರಲ್ಲಿ ಏನು ತಪ್ಪಿದೆ? ಅಲೆ ಎಲ್ಲಿದೆ ಇಲ್ಲಿ?”

ಸಾರಿ ಹೇಳಿದೆ. ಮತ್ತೆ ಬಾಯಿಗಿಟ್ಟ ಪುಳಿಯೋಗರೆಯನ್ನು ಹುಲ್ಲಿಗೆ ಉಗಿದೆ. ಮುಂದಿನ ವಾರ ಸಿಡ್ನಿಗೆ ಹೊರಟಾಗ ಚಿಕ್ಕಪ್ಪ ಕಾರಿನ ಕಿಟಕಿಯಲ್ಲಿ ಕೈ ಚಾಚಿದ. ನಾನು ಗಾಜು ಏರಿಸಿದೆ. ಎರಡು ತಿಂಗಳಿಗೆ ಅವನಿಗೆ ಡಾಕ್‌ಲ್ಯಾಂಡ್ಸ್‌ನಲ್ಲಿ, ಶ್ರೀಧರ ಅಂಕಲ್ ಆಫೀಸಿನಲ್ಲೇ ಕೆಲಸವಾಯಿತು.

ಅವನಿಗೆ ಆಗ ಬೇರೆ ದಾರಿ ಇರಲಿಲ್ಲ ಎಂದು ಅರ್ಥವಾಗಲು ನಾನೇ ವೀಸಾ, ಕೆಲಸ ಎಂದು ಅಲೆಯುವವರ ನಡುವೆ ದುಡಿಯಬೇಕಾಯಿತು. ಕಳೆದ ಈಸ್ಟರ್‌ಗೆ ಸಿಡ್ನಿಯಿಂದ ಫೋನ್ ಮಾಡಿದೆ. “ಚಿಕ್ಕಪ್ಪ, ಮೆಲ್ಬರ್ನಿಗೆ ಬರ್ತಿದೀನಿ. ಶನಿವಾರ ಅಲೆ ಜೋರಂತೆ. ಬೆಳಗ್ಗೆ ಐದಕ್ಕೇ ಹೋಗೋಣ, ನಾವಿಬ್ರೇ.”

ಅವನು ನಕ್ಕ.

“ಅಷ್ಟು ದೂರ ಹೋಗಿ ಏನ್ ನೋಡ್ತೀಯೇ ಪುಟ್ಟಿ? ನೀರು ತಾನೇ? ಮನೇಗೇ ಬಾ. ಹೊಸ ಟಿವಿ ತಗೊಂಡಿದೀನಿ, ಗೋಡೆ ತುಂಬಾ ಇದೆ. ಅದ್ರಲ್ಲೇ ನೋಡೋಣ.”

ಆಗಲಿ ಎಂದೆ. ಬೆಲ್ಸ್‌ಗೆ ನಾನು ಯಾವತ್ತು ಬೇಕಾದರೂ ಹೋಗಬಹುದು, ಕಾರಿದೆ, ದಾರಿ ಗೊತ್ತು. ಆದರೆ ಬಂತು ಬಂತು ಎಂದು ಪಕ್ಕದಲ್ಲಿ ನಿಂತು ಕೂಗಲು ಯಾರೂ ಇಲ್ಲ.