ಹತ್ತುವ ಬಾಗಿಲು, ಇಳಿಯುವ ಬಾಗಿಲು

ನಮ್ಮ ಬೀದಿಯ ಸೀಟಿ ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಿವೃತ್ತಿಯ ವಿಷಯ ಊರಿಗೆಲ್ಲ ಗೊತ್ತು, ಅವರೊಬ್ಬರಿಗೆ ಯಾರೂ ಹೇಳಿದಂತಿಲ್ಲ. ಕೊರಳಲ್ಲಿ ಇಂದಿಗೂ ಸೀಟಿ ನೇತಾಡುತ್ತದೆ. ಅವರ ಮನೆಗೆ ಹೋದವರು ಬಾಗಿಲ ಬಳಿ ನಿಂತು ಮಾತಾಡುವಂತಿಲ್ಲ. "ಒಳಗೆ ನಡೀರಿ, ಒಳಗೆ ನಡೀರಿ, ಮುಂದೆ ಖಾಲಿ ಇದೆ" ಎಂದು ಅಡುಗೆಮನೆಯ ಗೋಡೆಯವರೆಗೂ ತಳ್ಳಿಕೊಂಡು ಹೋಗುತ್ತಾರೆ. ಆದರೆ ಆ ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲ. ಹೆಂಡತಿ, ಅಂದರೆ ನಮ್ಮ ಅತ್ತೆ, ಅವರ ಮಾತನ್ನು ಪಕ್ಕದ ಮನೆಯ ರೇಡಿಯೊದಂತೆ ಕೇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಇಲಿಯಾದವರು ಹುಲಿಯಾಗಬೇಕಾದರೆ ಒಂದು ಬೀದಿಯಾದರೂ ಬೇಕಲ್ಲ.

ಅದೂ ಸಿಕ್ಕಿತು. ಭಾನುವಾರ ಮಧ್ಯಾಹ್ನ ನಮ್ಮ ಬೀದಿಗೆ ಕಾರು ಬರದಂತೆ ತಡೆದು ಮಕ್ಕಳನ್ನು ಆಡಲು ಬಿಡಬೇಕೆಂದು ನಗರಸಭೆಯವರು ತೀರ್ಮಾನಿಸಿದರು. ಸದ್ಯಕ್ಕೆ ಪ್ರಯೋಗಕ್ಕಷ್ಟೇ. ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರೆ ಏರ್ಪಾಡು ಕಾಯಂ, ಇಲ್ಲದಿದ್ದರೆ ರದ್ದು. ಮೇಲ್ವಿಚಾರಣೆ ಯಾರದು ಎಂದಾಗ ಉಳಿದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು, ಸೀಟಿ ಮಾವ ಎದ್ದು ನಿಂತರು. ಏರ್ಪಾಡು ಕಾಯಂ ಆದರೆ ಅವರ ಹುದ್ದೆಯೂ ಕಾಯಂ. ಅದಕ್ಕಾಗಿ ಅಂಗಿಗೆ ಇಸ್ತ್ರಿ ಹಾಕಿಸಿದರು, ಬೂಟಿಗೆ ಪಾಲಿಶ್ ತಿಕ್ಕಿದರು. ಮಕ್ಕಳಿಗೆ ಯಾವ ಆಟ ಇಷ್ಟ ಎಂದು ಮಾತ್ರ ಕೇಳಲಿಲ್ಲ.

ಮೊದಲ ಭಾನುವಾರ ಬೀದಿಯ ಕಾರುಗಳನ್ನೆಲ್ಲ ಮನೆಗಳ ಹಿಂದಿನ ಓಣಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದರು. ದೊಡ್ಡವರು ನಡುರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು, "ನಮ್ಮ ಕಾಲದಲ್ಲಿ ಕತ್ತಲಾಗೋವರೆಗೂ ಆಡ್ತಿದ್ವಿ ಕಣ್ರೀ" ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿಕೊಂಡರು. ಮಾವ ಬೀದಿಯ ಒಂದು ತುದಿಯಲ್ಲಿ 'ಹತ್ತುವ ಬಾಗಿಲು' ಎಂದೂ ಇನ್ನೊಂದು ತುದಿಯಲ್ಲಿ 'ಇಳಿಯುವ ಬಾಗಿಲು' ಎಂದೂ ಸೀಮೆಸುಣ್ಣದಲ್ಲಿ ಬರೆದರು. ತಮ್ಮ ತಮ್ಮ ಗೇಟಿನಿಂದ ಓಡಿ ಬಂದ ಮಕ್ಕಳನ್ನು, "ನಡುವೆ ಹತ್ತೋ ಹಾಗಿಲ್ಲ!" ಎಂದು ಹಿಂದಕ್ಕೆ ಅಟ್ಟಿದರು. ಮಕ್ಕಳು ಹಿತ್ತಲ ಬಾಗಿಲಿನಿಂದ ಓಣಿಗಿಳಿದು, ಸುತ್ತು ಹಾಕಿ, ಹತ್ತುವ ಬಾಗಿಲಿಂದ ಬಂದರು.

ಆಟ ಶುರುವಾಗುತ್ತಿದ್ದಂತೆ ಚೆಂಡು ಉರುಳಿ ಇಳಿಯುವ ಬಾಗಿಲು ದಾಟಿತು. ಮೂಲೆಮನೆಯ ದರ್ಜಿಯ ಮಗಳು ಅದರ ಹಿಂದೆ ಓಡಿದಳು. ಅವಳ ಬಾಯಿಗೆ ಹೆದರಿ ಎಲ್ಲರೂ ಅವಳನ್ನು ಚಿನಕುರುಳಿ ಎನ್ನುತ್ತಾರೆ. ಸೀಟಿ ಕಿರುಚಿತು.

"ಇಳಿದಾಯ್ತು ನೀನು! ಸುತ್ತು ಹಾಕ್ಕೊಂಡು ಆ ಕಡೆಯಿಂದ ಹತ್ತು."

"ಇಲ್ಲೇ ಇದೀನಲ್ಲ ಮಾವ, ಒಂದೇ ಹೆಜ್ಜೆ!"

"ಒಂದೇ ಹೆಜ್ಜೆ ಅಂದವರೇ ಚಕ್ರದ ಕೆಳಗೆ ಬೀಳೋದು."

"ಯಾವ ಚಕ್ರ ಮಾವ? ಕಾರೆಲ್ಲ ಓಣೀಲಿದಾವೆ."

ಮಾವ ಮತ್ತೆ ಊದಿದರು. ಕುರ್ಚಿಯವರು ಬೀದಿಗೆ ಶಿಸ್ತು ಬಂತೆಂದು ತಲೆದೂಗಿದರು. ಚಿನಕುರುಳಿ ಚೆಂಡಿನೊಂದಿಗೆ ಓಣಿಯತ್ತ ಹೋದಳು, ಮರಳಿ ಬರಲಿಲ್ಲ. ಅವಳನ್ನು ಹುಡುಕಲು ಹೋದವರೂ ಬರಲಿಲ್ಲ. ಓಣಿಯ ಕಾರುಗಳ ಸಂದಿ ಕಣ್ಣಾಮುಚ್ಚಾಲೆಗೆ ಹೇಳಿ ಮಾಡಿಸಿದಂತಿತ್ತು. ಮುಂದಿನ ಭಾನುವಾರಗಳಲ್ಲಿ ಮಕ್ಕಳು ಹಿತ್ತಲ ಬಾಗಿಲಿನಿಂದ ನೇರವಾಗಿ ಅಲ್ಲಿಗೇ ಹೋದರು. ಕಾರಿಲ್ಲದ ಬೀದಿಯಲ್ಲಿ ಕುರ್ಚಿಗಳು, ಕಾರು ತುಂಬಿದ ಓಣಿಯಲ್ಲಿ ಮಕ್ಕಳು. ಇದರಲ್ಲಿ ಏನೋ ತಪ್ಪಿದೆ ಎಂದು ಅಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಂಥದ್ದೊಂದು ಭಾನುವಾರ ಅಧಿಕಾರಿ ಬಂದರು. ಸ್ಕೂಟರಿನಿಂದಿಳಿದ ಆ ಹೆಂಗಸು ಸುತ್ತ ನೋಡಿ, "ಮಕ್ಕಳೆಲ್ಲಿ?" ಎಂದರು.

"ಈಗ ಹತ್ತುತ್ತಾರೆ ಮೇಡಂ" ಎಂದರು ಮಾವ.

ಅತ್ತೆ ಕಿಟಕಿಯಿಂದಲೇ ಹೇಳಿದರು: "ಖಾಲಿ ಬಸ್ಸಿಗೆ ಊದಿದ್ದು ಸಾಕು. ಓಣಿಗೆ ಹೋಗಿ ಕೈಕಾಲು ಹಿಡಿದು ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನಾಳೆಯಿಂದ ದಿನಾ ನನ್ನ ತಲೆ ತಿಂತೀರಿ."

ಮಾವ ಓಡಿದರು. ಅಧಿಕಾರಿ ಹಿಂದೆಯೇ ಹೋದರು.

"ಬಂಗಾರದಂಥ ಮಕ್ಕಳೇ, ಒಂದೇ ಒಂದು ಸಲ ಬೀದಿಗೆ ಬನ್ರಪ್ಪಾ."

ಕಾರೊಂದರ ಹಿಂದಿನಿಂದ ಚಿನಕುರುಳಿ ತಲೆ ಎತ್ತಿದಳು. "ಯಾವ ಕಡೆಯಿಂದ ಬೇಕಾದ್ರೂ ಬರಬಹುದಾ ಮಾವ?"

ಹೂಂ ಎಂದಿದ್ದರೆ ಹುದ್ದೆ ಉಳಿಯುತ್ತಿತ್ತು. ಹೂಂ ಎಂದರೆ ಅವರಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಮಾವ ಸೀಟಿಯನ್ನು ಬಾಯಿಗಿಟ್ಟು ಮತ್ತೆ ತೆಗೆದರು. ಕೊನೆಗೆ ಬಂದ ಮಾತು ಇದು: "ಇಳಿಯೋ ಬಾಗಿಲಿಂದ ಹತ್ತಿದ್ರೆ ಅದು ಬಸ್ಸಾ ಪುಟ್ಟಿ?"

"ಅದು ರಸ್ತೆ ಮಾವ" ಎಂದು ಅವಳು ಮತ್ತೆ ಅಡಗಿಕೊಂಡಳು.

ಅಧಿಕಾರಿ ಸ್ವಲ್ಪ ಹೊತ್ತು ಮಕ್ಕಳನ್ನೇ ನೋಡಿದರು. "ಕಾರುಗಳು ಬೀದಿಗೇ ಹೋಗಲಿ. ಇನ್ಮೇಲೆ ಈ ಓಣಿ ಮಕ್ಕಳಿಗಿರಲಿ."

"ಇಲ್ಲಿನ ಮೇಲ್ವಿಚಾರಣೆ ಮೇಡಂ?"

"ಬೇಡ. ನೀವು ವಿಶ್ರಾಂತಿ ತಗೊಳ್ಳಿ."

ಬೀದಿಗೆ ಮರಳಿದ ಮಾವ, "ಈಗಿನ ಮಕ್ಕಳಿಗೆ ಶಿಸ್ತೇ ಇಲ್ಲ" ಎಂದರು. ಮನೆಗಳ ಹಿಂದಿನಿಂದ ಕೇಕೆ ಕೇಳಿಸುತ್ತಿತ್ತು. "ಹೌದೌದು, ಆಡೋಕೇ ಬರಲ್ಲ ಇವಕ್ಕೆ" ಎನ್ನುತ್ತ ದೊಡ್ಡವರು ಕುರ್ಚಿ ಎತ್ತಿಕೊಂಡರು. ಕಾರುಗಳಿಗೆ ಜಾಗ ಬಿಡಬೇಕಿತ್ತಲ್ಲ.