ಏಳನೆಯ ಸೀಸೆ

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಹಳದಿಯಾಗಿರುತ್ತಿತ್ತು. ನೈಟ್ರಿಕ್ ಆಸಿಡ್ ಸುಟ್ಟ ಬಣ್ಣ ಅದು; ಸೋಪಿಗೆ ಹೋಗುವುದಿಲ್ಲ, ಚರ್ಮ ಸುಲಿದೇ ಹೋಗಬೇಕು. ಒಂದು ಪದರ ಸುಲಿಯುವಷ್ಟರಲ್ಲಿ ಅವರು ಇನ್ನೊಂದು ಸಲ ಚೆಲ್ಲಿಕೊಂಡಿರುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹಿಂದೂಪುರದ ಮದುವೆಮನೆಗಳಲ್ಲಿ ಪಕ್ಕದ ಎಲೆಯ ಹೆಂಗಸರು ಆ ಬೆರಳು ನೋಡಿ, ಈಯಮ್ಮ ಅರಿಶಿನ ಹಚ್ಕೊಂಡವ್ಳಲ್ಲ ಎಂದು ಪಿಸುಗುಟ್ಟುವುದು ನನಗೇ ಕೇಳಿಸುತ್ತಿತ್ತು. ಅವರಿಗೆ ಕೇಳಿಸದೆ ಇರುತ್ತದೆಯೆ? ಕೈ ಮುಚ್ಚಿಕೊಳ್ಳದೆ, ಸಾರು ಬಡಿಸುವವನನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಬೆಳೆದವಳು. ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಾಗ ಇಲ್ಲಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಮೊದಲ ದಿನ ಲ್ಯಾಬಿನ ಬಾಗಿಲಲ್ಲಿ ನಿಂತು, ಕಲಿಸಿದ್ದ ಹಾಗೆಯೇ ರಾಗವಾಗಿ ಗುಡ್ ಮಾರ್ನಿಂಗ್ ಮೇಡಂ ಅಂದೆ. ಅವರು ತಲೆ ಎತ್ತಲಿಲ್ಲ.

"ಇಂಗ್ಲಿಷು ಚೆನ್ನಾಗೈತೆ ಕಣಮ್ಮ. ಫ್ಲಾಸ್ಕ್ ತೊಳಿಯಾಕೆ ಬತ್ತದಾ?"

ಬರುತ್ತಿರಲಿಲ್ಲ. ಅವರೇ ಕಲಿಸಿದರು. ಕಲ್ಯಾಣದುರ್ಗದ ಕಡೆಯ ಬೇಸಾಯಗಾರರ ಮನೆಯವರು ಅವರು. ಪಾಠ ತೆಲುಗಿನಲ್ಲಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಸಂಜೆ ಹುಡುಗಿಯರೆಲ್ಲ ಹೋದ ಮೇಲೆ ಅವರ ಸ್ವಂತ ರಿಸರ್ಚ್ ಶುರುವಾಗುತ್ತಿತ್ತು. ಅದು ಹುಣಸೆಹಣ್ಣಿನ ಹುಳಿಯ ಮೇಲೆ. ನಮ್ಮಪ್ಪನ ಹುಣಸೆ ಮಂಡಿಯಿಂದಲೇ ಹಣ್ಣು ತರಿಸಿ, ಕುದಿಸಿ, ಸುಣ್ಣ ಹಾಕಿ, ಬಸಿದು, ಕೊನೆಗೆ ಟಾರ್ಟಾರಿಕ್ ಆಸಿಡ್ಡಿನ ಬಿಳೀ ಹರಳು ತೆಗೆಯುತ್ತಿದ್ದರು. ನಮ್ಮಪ್ಪ ನಗುತ್ತಿದ್ದರು: ಊರೆಲ್ಲ ಸಾರು ಮಾಡೋ ಹಣ್ಣಲ್ಲಿ ಈಯಮ್ಮ ಸಕ್ಕರೆ ಮಾಡ್ತಾಳೆ, ಆದರೆ ಬಾಯಿಗಿಟ್ಟರೆ ಹುಳಿ. ಆ ಆಸಿಡ್ಡಿನಿಂದ ಒಂದೊಂದೇ ಹೊಸ ಡಿರೈವೇಟಿವ್, ಅಂದರೆ ಆಸಿಡ್ಡಿಗೆ ಬೇರೆ ಪದಾರ್ಥ ಕೂಡಿಸಿ ಹುಟ್ಟಿಸಿದ ಮರಿ. ಐದು ವರ್ಷಕ್ಕೆ ಏಳು ಮರಿ, ಏಳು ಪುಟ್ಟ ಸೀಸೆ. ಥೀಸಿಸ್ ಎಂದರೆ ಅಷ್ಟೇ. ಅದು ಪಾಸಾದರೆ ಡಾಕ್ಟರೇಟ್. ಯೂನಿವರ್ಸಿಟಿ ಕೊಟ್ಟ ಗಡುವಿಗೆ ಆರು ತಿಂಗಳು ಉಳಿದಿತ್ತು, ಮತ್ತೆ ಸಿಗುವ ಹಾಗಿರಲಿಲ್ಲ.

ನನ್ನ ಕೆಲಸ ಮೆಲ್ಟಿಂಗ್ ಪಾಯಿಂಟ್ ನೋಡುವುದು. ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಚಿಟಿಕೆ ಪುಡಿ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುತ್ತಾ ಕೂರಬೇಕು. ಪುಡಿ ಎಷ್ಟು ಡಿಗ್ರಿಗೆ ಕರಗಿತೋ ಅದನ್ನು ಬರೆಯಬೇಕು. ಪ್ರತಿಯೊಂದನ್ನೂ ಮೂರು ಸಲ. ಅವರಿಗೆ ಥೈರಾಯ್ಡ್ ತೊಂದರೆಯಿಂದ ಕಣ್ಣು ಉರಿಯುತ್ತಿತ್ತು, ಅದಕ್ಕೇ ನನ್ನ ಕಣ್ಣು. "ಒಂದ್ಸಲ ಕಂಡಿದ್ದು ಕಂಡಂಗಲ್ಲ. ಕಾಣದ್ದಂತೂ ಬರೀಲೇ ಬ್ಯಾಡ" ಎನ್ನುತ್ತಿದ್ದರು.

ಏಳನೆಯದನ್ನು ಅವರು ಆರನೆಯದರಿಂದಲೇ ಮಾಡಿದ್ದರು. ಎರಡೂ ಕರಗುವುದು ಹತ್ತಿರ ಹತ್ತಿರ, ಎರಡೇ ಡಿಗ್ರಿ ವ್ಯತ್ಯಾಸ. ನಿಜವಾಗಿ ಹೊಸದೋ, ಹಳೆಯದೇ ಹಾಗೇ ಉಳಿದಿದೆಯೋ? ತಿಳಿಯುವ ದಾರಿ ಸುಲಭ. ಎರಡನ್ನೂ ಬೆರೆಸಿ ಕಾಯಿಸಬೇಕು. ಬೇರೆ ಬೇರೆ ವಸ್ತುಗಳಾದರೆ ಮಿಶ್ರಣ ಮೊದಲಿಗಿಂತ ಬೇಗ ಕರಗುತ್ತದೆ. ಒಂದೇ ಆದರೆ ಅಂಕಿ ಕದಲುವುದಿಲ್ಲ. ಆ ಶನಿವಾರ ಇದನ್ನು ನನಗೆ ಒಪ್ಪಿಸಿ, ಅವರು ಯೂನಿವರ್ಸಿಟಿಯ ಗೈಡ್ ಅವರನ್ನು ಕಾಣಲು ಬಸ್ಸು ಹತ್ತಿದರು.

ಅವತ್ತು ಗೆಳತಿಯರು ಮ್ಯಾಟಿನಿಗೆ ಟಿಕೆಟ್ ತೆಗೆದಿಟ್ಟಿದ್ದರು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಈ ವಯಸ್ಸಿನಲ್ಲಿ ಅದನ್ನಾದರೂ ಹಿಡಿದುಕೊಂಡು ಕೂರುತ್ತಿದ್ದೆ. ನಾನು ಬರ್ನರ್ ಹಚ್ಚಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ನನ್ನ ನೀಟಾದ ಕಾನ್ವೆಂಟ್ ಅಕ್ಷರದಲ್ಲಿ, ಹದಿನಾಲ್ಕು ಡಿಗ್ರಿ ಇಳಿಯಿತು ಎಂದು ಬರೆದೆ. ಮೂರು ಸಲ ನೋಡಿದಂತೆ ಮೂರು ಅಂಕಿ, ಮೂರೂ ಚೂರು ಚೂರು ಬೇರೆ. ಎಷ್ಟು ಕ್ಲೆವರ್ ಹುಡುಗಿ ನಾನು!

ಥೀಸಿಸ್ ಯೂನಿವರ್ಸಿಟಿಗೆ ಹೋಯಿತು. ಎರಡು ತಿಂಗಳಿಗೆ ಪರೀಕ್ಷಕರಿಂದ ಕಾಗದ: ಏಳನೆಯದರ ಸ್ಯಾಂಪಲ್ ಕಳಿಸಿ. ಕಳಿಸುವ ಮುಂಚೆ ಒಂದು ಸಲ ನೋಡಿಬಿಡೋಣವೆಂದು ಮೇಡಂ ತಾವೇ ಎರಡನ್ನೂ ಬೆರೆಸಿ ಕಾಯಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹದಿನಾಲ್ಕು ಡಿಗ್ರಿ ಕೆಳಗೆ ಪುಡಿ ಕರಗಲಿಲ್ಲ. ಹತ್ತು ಕೆಳಗೂ ಇಲ್ಲ. ಆರನೆಯದು ಕರಗುವ ಕಡೆಯೇ ಬಂದು ಕರಗಿತು. ಇನ್ನೊಂದು ಕೊಳವೆ ತುಂಬಿದರು, ಮತ್ತೊಂದು. ಮೂರು ಸಲವೂ ಅದೇ. ಏಳನೆಯ ಸೀಸೆಯಲ್ಲಿ ಇದ್ದದ್ದು ಆರನೆಯದೇ.

"ನೀನು ನೋಡಿದ್ಯಲ್ಲಮ್ಮ?" ಎಂದರು. ನೋಡಿದ್ದೆ ಮೇಡಂ, ಮೂರು ಸಲ, ಎಂದೆ.

ಮುಂದಿನ ವಾರ ಗೈಡ್ ಅವರನ್ನು ಕಂಡು ಬಂದ ಮೇಡಂ ಬರ್ನರ್ ಒರೆಸುತ್ತಾ ವಿಷಯ ಹೇಳಿದರು, ನನ್ನ ಮುಖ ನೋಡದೆ. ರೀಡಿಂಗ್ ತೆಗೆದವರು ಇದೊಂದನ್ನು ಮಾತ್ರ ನೋಡಿರಲಿಲ್ಲವೆಂದು ಒಂದು ಸಾಲು ಬರೆದುಕೊಟ್ಟರೆ ಉಳಿದ ಆರು ನಿಲ್ಲುತ್ತವಂತೆ, ಡಾಕ್ಟರೇಟಿಗೆ ಆರು ಸಾಕಂತೆ. ಇಲ್ಲದಿದ್ದರೆ ಒಂದು ತಪ್ಪಾದ ಮೇಲೆ ಎಲ್ಲದರ ಮೇಲೂ ಅನುಮಾನ. ಹೇಳಿ, ಬಹಳ ಹೊತ್ತು ಒರೆಸಿದರು. ಬರ್ನರ್ ಆಗಲೇ ಕ್ಲೀನಾಗಿತ್ತು. ಆ ಒಂದು ಸಾಲು ನಾನು ಬರೆದುಕೊಡಲಿಲ್ಲ. ಕೆಲಸ ಹೋದೀತು, ಅಪ್ಪನಿಗೆ ತಿಳಿದೀತು, ಊರಿನವರು ನಕ್ಕಾರು.

ಅವರು ಥೀಸಿಸ್ ವಾಪಸ್ ತೆಗೆದುಕೊಂಡರು. ತಪ್ಪು ತಮ್ಮದೇ ಎಂದು ಅವರು ಬರೆದ ಕಾಗದವನ್ನು ಪೋಸ್ಟ್ ಮಾಡಿದವಳು ನಾನೇ. ಗಡುವು ಮುಗಿಯಿತು. ಮೂರು ವರ್ಷಕ್ಕೆ, ಅವರ ಕೈಯಲ್ಲೇ ಓದಿದ ಹುಡುಗಿ ಡಾಕ್ಟರೇಟ್ ಹಿಡಿದು ಬಂದು ಅವರ ಮೇಲೆ ಹೆಡ್ ಆದಳು. ಅಷ್ಟಾದರೂ ಮೇಡಂ ಸಂಜೆ ಉಳಿಯುವುದನ್ನು ಬಿಡಲಿಲ್ಲ. ಆ ಆರನ್ನೂ ಮೊದಲಿನಿಂದ ತಾವೇ ಮಾಡಿ, ಉರಿಯುವ ಕಣ್ಣಿನಲ್ಲಿ ತಾವೇ ನೋಡಿದರು. ಯಾರಿಗೂ ಬೇಡವಾದ ಲೆಕ್ಕ. ಆರೂ ಸರಿಯಿದ್ದವು. ನನ್ನನ್ನು ಬೈಯಲಿಲ್ಲ, ಮಾತು ಬಿಡಲಿಲ್ಲ, ಹಬ್ಬಕ್ಕೆ ಕರೆದು ಊಟಕ್ಕಿಕ್ಕಿದರು. ಆದರೆ ಮತ್ತೆಂದೂ ಒಂದು ರೀಡಿಂಗ್ ನೋಡು ಎನ್ನಲಿಲ್ಲ. ಇಪ್ಪತ್ತು ವರ್ಷ ನಾನು ಆ ಲ್ಯಾಬಿನಲ್ಲಿ ಅವರ ಫ್ಲಾಸ್ಕ್ ತೊಳೆದೆ.

ರಿಟೈರ್ ಆಗಿ ಅವರು ಕಲ್ಯಾಣದುರ್ಗಕ್ಕೆ, ತಮ್ಮನ ಮಗನ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ, ಮೇಡಂ ಮಲಗಿಬಿಟ್ಟಿದ್ದಾರೆ ಎಂದು ಅವನು ಫೋನ್ ಮಾಡಿದ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಮಂಡಿನೋವು ಕಟ್ಟಿಕೊಂಡು ಹೋದೆ. ಹೊದಿಕೆಯ ಕೆಳಗೆ ಮೈಯೇ ಇರಲಿಲ್ಲ, ಮಾತು ಮಾತ್ರ ಇತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯವೆಲ್ಲ ಮರೆತು, ಆ ಶನಿವಾರ ನಾನು ಪಿಕ್ಚರಿಗೆ ಹೋಗಿದ್ದೆ ಮೇಡಂ, ಏನೂ ನೋಡಿರಲಿಲ್ಲ, ಎಂದುಬಿಟ್ಟೆ.

"ನಾನೇ ಬೆರೆಸಿ ಕಾಯಿಸಿದ್ನಲ್ಲ, ಆವತ್ತೇ ಗೊತ್ತಾಯ್ತು ಕಣಮ್ಮ. ನೀನಾಗೇ ಹೇಳ್ತೀಯ ಅಂತ ಒಂದ್ವರ್ಷ ಕಾದೆ. ಆಮೇಲೆ ಬುಟ್ಬುಟ್ಟೆ."

ನನ್ನ ಹೆಸರು ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ನಾನು ಕಣ್ಣಾರೆ ಕಂಡಿದ್ನಾ? ಕಾಣದ್ದನ್ನ ಬರಿಯಾದೆಂಗೆ?"

ಕ್ಷಮಿಸಿದ್ದೇನೆ ಎನ್ನಲಿಲ್ಲ. ಕ್ಷಮಿಸಿ ಎಂದು ನಾನೂ ಕೇಳಲಿಲ್ಲ. ಆ ಮಾತಿನ ಮುಂದೆ ಸಾರಿ ಎನ್ನುವುದು ಎಷ್ಟು ಚೀಪ್. ಊಟ ಮಾಡ್ಕೊಂಡೋಗು ಎಂದು ಗೋಡೆ ಕಡೆ ತಿರುಗಿದರು.

ಎರಡು ತಿಂಗಳಿಗೆ ಹೋಗಿಬಿಟ್ಟರು. ಮಣ್ಣಾದ ಮರುದಿನ ಅವರ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಾವೊಂದಷ್ಟು ಜನ ಕೂತಿದ್ದೆವು. ತಮ್ಮನ ಮಗ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಅಂಗಡಿಯವನಿಗೆ ಫೋನ್ ಹಚ್ಚಿದ್ದ. ನನ್ನ ಕಡೆ ತಿರುಗಿ, "ಆಂಟಿ, ಅತ್ತೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಬೇಕಲ್ವಾ? ನಿಮಗೇ ಗೊತ್ತಿರೋದು" ಎಂದ.

ಹೂಂ ಎಂದರೆ ಮುಗಿಯುತ್ತಿತ್ತು. ಯಾರೂ ಹೋಗಿ ನೋಡುವವರಿರಲಿಲ್ಲ. ಅವರಿಗೆ ಸಲ್ಲಬೇಕಾದದ್ದೇ ಅಲ್ಲವೆ ಅದು, ಎಂದೂ ಮನಸ್ಸು ಹೇಳಿತು.

"ಬೇಡಪ್ಪ. ಅವರಿಗೆ ಡಾಕ್ಟರೇಟ್ ಬರಲಿಲ್ಲ."

"ಅಷ್ಟು ವರ್ಸ ಮಾಡಿದ್ರಲ್ಲ. ಯಾಕ್ ಬರ್ಲಿಲ್ಲ?"

"ನಾನು ಸುಳ್ಳು ರೀಡಿಂಗ್ ಬರೆದೆ. ಅದಕ್ಕೆ."

ಅವನು ನನ್ನನ್ನೇ ನೋಡುತ್ತಾ ಫೋನಿಗೆ ತೆಲುಗಿನಲ್ಲಿ, ಡಾಕ್ಟರ್ ವದ್ದನ್ನಾ, ಪೇರು ಒಕಟೇ ಚಾಲು, ಎಂದ; ಡಾಕ್ಟರ್ ಬೇಡಣ್ಣ, ಹೆಸರೊಂದೇ ಸಾಕು ಅಂತ. ಆಮೇಲೆ ಸಂಜೆಯ ಬಸ್ಸಿನ ತನಕ ಆ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನಾನೂ ಎದ್ದು ಹೋಗಲಿಲ್ಲ.